ನಿಂತ ಕಾರಿನ ಬಿಸಿಗಾಳಿ

ದರ್ಬೆಯ ಆ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಕಾರು ಓಡಿಸುವವಳು ನಾನು. ಗಂಡ ಇರುವುದು ದುಬೈಯಲ್ಲಿ. ರಜೆಯಲ್ಲಿ ಬಂದಾಗ ಪಕ್ಕದ ಸೀಟಿನಲ್ಲಿ ಕೂತು ‘ಬ್ರೇಕ್, ಬ್ರೇಕ್’ ಎನ್ನುವುದಷ್ಟೇ ಅವರ ಕೆಲಸ. ಆದರೂ ಕಾರಿನ ಮಾತು ಬಂದರೆ ಊರಿಗೆಲ್ಲ ಅವರೇ ಯಜಮಾನರು.

ನಾನು ಮನೆಯಲ್ಲಿ ಕೇಕ್ ಮಾಡಿ ಸುಳ್ಯ, ಕಡಬದವರೆಗೂ ತಲುಪಿಸುತ್ತೇನೆ. ಎಸಿ ಇಲ್ಲದೆ ಕ್ರೀಮ್ ಕೇಕ್ ಒಯ್ಯಲಾಗದು. ಈ ಬೇಸಿಗೆಯಲ್ಲಿ ಅದೇ ಎಸಿ ಕೈಕೊಟ್ಟಿತು. ಓಡುವಾಗ ತಂಪು, ಕಾರು ನಿಂತರೆ ಬಿಸಿಗಾಳಿ. ಬಾನೆಟ್ ಎತ್ತಿ ನೋಡಿದೆ. ಎಸಿ ಹಾಕಿದರೂ, ನಿಂತ ಕಾರಿಗೆ ಗಾಳಿ ಹೊಡೆಯಬೇಕಾದ ಮುಂದಿನ ಫ್ಯಾನು ತಿರುಗುತ್ತಿರಲಿಲ್ಲ. ಗ್ಯಾರೇಜಿನವನಿಗೆ ಅದನ್ನೇ ಹೇಳಿದೆ.

“ಫ್ಯಾನಲ್ಲ ಅಕ್ಕ, ಗ್ಯಾಸ್ ಕಮ್ಮಿ ಇರ್ಬೇಕು. ಅಣ್ಣನ ಹತ್ರ ಒಮ್ಮೆ ಕೇಳ್ತೇನೆ,” ಎಂದವನು ನನ್ನೆದುರೇ ದುಬೈಗೆ ವಾಯ್ಸ್ ಮೆಸೇಜ್ ಹಾಕಿದ. ಕೂಡಲೇ ಉತ್ತರ ಬಂತು: “ಗ್ಯಾಸ್ ಹಾಕಿ ಬಿಡಿ.” ಕಾರನ್ನು ಕಾಣದೆ ತಿಂಗಳುಗಳಾದ ಮನುಷ್ಯನ ಅಪ್ಪಣೆ ಅದು. ಗ್ಯಾರೇಜಿನವನು ಗ್ಯಾಸ್ ತುಂಬಿಸಿ, ನೆಹರು ನಗರದವರೆಗೆ ಒಂದು ಸುತ್ತು ಓಡಿಸಿ ಬಂದು, “ಐಸಿನ ಹಾಗೆ ಉಂಟು,” ಎಂದ. ಓಡುವಾಗ ಮೊದಲೂ ತಂಪೇ ಇತ್ತಲ್ಲ, ನಿಲ್ಲಿಸಿ ನೋಡಿ ಎಂದೆ. ಅಷ್ಟರಲ್ಲಿ ಅವನು ಇನ್ನೊಂದು ಕಾರಿನ ಅಡಿಗೆ ನುಗ್ಗಿಯಾಗಿತ್ತು.

ಮರುದಿನ ಕಡಬದಲ್ಲಿ ಒಂದು ನಿಶ್ಚಿತಾರ್ಥ. ಎರಡು ಅಂತಸ್ತಿನ ಕೇಕ್, ಸುತ್ತಲೂ ನಾನು ಕೂತು ಬಿಡಿಸಿದ ಕ್ರೀಮಿನ ಗುಲಾಬಿಗಳು. ಕಾರು ನಿಂತರೆ ಈಗಲೂ ಬಿಸಿಗಾಳಿಯೇ. ಬೇರೆ ಗಾಡಿ ಸಿಗಲಿಲ್ಲ, ಎಲ್ಲೂ ನಿಲ್ಲಿಸದೆ ಹೋದರಾಯಿತು ಎಂದು ಹೊರಟೆ. ಕಾಣಿಯೂರಿನ ಹತ್ತಿರ ಮರ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಹಿಂದೆಯೂ ವಾಹನಗಳು ಸಾಲುಗಟ್ಟಿದವು. ನನ್ನ ಕಣ್ಣೆದುರೇ ಗುಲಾಬಿಗಳು ಜಾರಿದವು, ಮೇಲಿನ ಅಂತಸ್ತು ಮಗ್ಗುಲಿಗೆ ವಾಲಿತು. ಸ್ಟೇರಿಂಗಿಗೆ ಗುದ್ದಿದೆ, ಬೇರೇನು ಮಾಡಲಿ?

ಹುಡುಗಿಯ ತಾಯಿ ಡಬ್ಬಿ ತೆರೆದು ನೋಡಿದರು. “ನಿಮ್ಮನ್ನು ನಂಬಿ ಬೇರೆ ಎಲ್ಲಿಯೂ ಹೇಳಿರಲಿಲ್ಲ ನಾವು,” ಎಂದರು. ಬೈದಿದ್ದರೆ ವಾಸಿಯಿತ್ತು. ಆ ಮನೆಯಿಂದ ಇನ್ನು ನನಗೆ ಕರೆ ಬರುವುದಿಲ್ಲ, ಅವರ ನೆಂಟರಿಂದಲೂ ಬರುವುದಿಲ್ಲ.

ಅಲ್ಲಿಂದ ನೇರ ಗ್ಯಾರೇಜಿಗೆ ಬಂದೆ. ಇಂಜಿನ್ ಬಂದ್ ಮಾಡದೆ, ಎಸಿ ಹಾಕಿಟ್ಟೇ ಬಾನೆಟ್ ಎತ್ತಿ ಅವನನ್ನು ಎಳೆದು ತಂದಂತೆ ಕರೆತಂದೆ.

“ಈಗ ನೋಡಿ. ಫ್ಯಾನ್ ತಿರುಗ್ತದಾ?”

ಅವನು ಫ್ಯೂಸಿನ ಪೆಟ್ಟಿಗೆ ತೆರೆದು, ಫ್ಯಾನಿಗೆ ಕರೆಂಟು ಕೊಡುವ ರಿಲೇ ಕಿತ್ತು ನೋಡಿದ. ಸುಟ್ಟಿತ್ತು. ಹೊಸದನ್ನು ಒತ್ತಿ ಕೂರಿಸಿದ್ದೇ ಫ್ಯಾನು ತಿರುಗಿತು, ನಿಂತ ಕಾರಿನೊಳಗೆ ತಣ್ಣನೆ ಗಾಳಿ ಬಂತು. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಅದಕ್ಕೆ ನನ್ನ ಕೇಕ್ ಹೋಗಬೇಕಾಯಿತು.

ಅವನು ಕೈ ಒರೆಸಿಕೊಂಡು ಫೋನ್ ತೆಗೆದ. “ಅಣ್ಣನಿಗೆ ಹೇಳ್ತೇನೆ.”

“ನೀವು ಹೇಳುದು ಬೇಡ,” ಎಂದು ನಾನೇ ಕರೆ ಮಾಡಿದೆ. ಲಾರಿ, ಕೇಕು, ಆ ತಾಯಿ ಹೇಳಿದ ಮಾತು, ಫ್ಯಾನು, ಎಲ್ಲವನ್ನೂ ಹೇಳಿದೆ. ಗಂಡ ಪೂರ್ತಿ ಕೇಳಿಸಿಕೊಂಡರು.

“ಹೌದಾ?” ಎಂದರು. “ಫೋನ್ ಒಮ್ಮೆ ಅವನಿಗೆ ಕೊಡು. ಎಂತ ಆದದ್ದು ಅಂತ ಕೇಳ್ತೇನೆ.”