ಅಕ್ಕನ ಹೆಸರಿನ ಫೋಲ್ಡರ್

ಜಯತ್ತೆ, ಅಕ್ಕನಿಗೆ ಮೂರ್ಛೆ ಬರುತ್ತದೆಂದು ಕೆ.ಆರ್. ನಗರದ ಗಂಡಿನ ಮನೆಯವರಿಗೆ ತಿಳಿದದ್ದು ನಿಮ್ಮಿಂದಲ್ಲ — ನನ್ನಿಂದ.

ಮನೆಯ ಕಾಗದಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ, ತಾರೀಖು ಹಾಕಿ, ಒಬ್ಬೊಬ್ಬರ ಹೆಸರಿನ ಫೋಲ್ಡರಿನಲ್ಲಿ ಡ್ರೈವ್‌ಗೆ ಏರಿಸಿಡುವುದು ನನ್ನ ಅಭ್ಯಾಸ. ಮೊಬೈಲು ಕಳೆದರೂ ಅವು ಕಳೆಯವು ಎಂಬ ಧೈರ್ಯ. ಅಕ್ಕನ ಫೋಲ್ಡರಿನಲ್ಲಿ ಅಂಕಪಟ್ಟಿ, ಜಾತಕ, ಫೋಟೊಗಳಿದ್ದವು. ಮೂರ್ಛೆಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ ಚೀಟಿಗಳೂ ಇದ್ದವು. ಗಂಡಿನ ಕಡೆಯವರು ಫೋಟೊ ಕೇಳಿದರು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮಸುಕಾಗುತ್ತದೆಂದು ಲಿಂಕ್ ಕಳಿಸಿದೆ. ಫೋಟೊದ್ದಲ್ಲ — ಇಡೀ ಫೋಲ್ಡರಿನದ್ದು.

ಅಕ್ಕ ಹುಡುಗನಿಗೆ ತಾನೇ ಹೇಳಬೇಕೆಂದಿದ್ದಳು. “ನೋಡಕ್ ಬಂದಾಗ ನಾನೇ ಏಳ್ತೀನಿ ಕಣೇ. ಓಡೋಗೋನಾದ್ರೆ ಕಾಪಿ ಕುಡ್ದು ಓಡೋಗ್ಲಿ,” ಎಂದು ನಕ್ಕಿದ್ದಳು.

ಅವರು ಬರಲೇ ಇಲ್ಲ. ಫಿಟ್ಸ್ ಬರುವ ಹುಡುಗಿ ಬೇಡವಂತೆ ಎಂದು ಮಧ್ಯವರ್ತಿ ಫೋನು ಮಾಡಿದ. ಆ ಕ್ಷಣವೇ ಲಿಂಕ್ ತೆರೆದು ನೋಡಿದೆ, ಗೊತ್ತಾಯಿತು — ಅದನ್ನು ಅಳಿಸಿಬಿಟ್ಟೆ.

ಆ ವಾರವೇ ನೀವು ಕೆ.ಆರ್. ನಗರಕ್ಕೆ ಯಾರದೋ ನಾಮಕರಣಕ್ಕೆ ಹೋಗಿ ಬಂದಿದ್ದಿರಿ. ಅಪ್ಪನಿಗೆ ಅಷ್ಟೇ ಸಾಕಾಯಿತು.

“ಒಡುಟ್ಟಿದೋಳಾಗಿ ಊರಿಗೆಲ್ಲ ಸಾರ್ಕಂಡ್ ಬಂದ್ಯಾ? ಇನ್ನೊಂದ್ಸಲ ಈ ಒಸ್ಲು ತುಳೀಬ್ಯಾಡ!”

“ನಾನ್ಯಾಕಣ್ಣಯ್ಯ ಏಳ್ಲಿ? ಅವ್ಳು ಬಿದ್ದಾಗೆಲ್ಲ ಕೈಗೆ ಬೀಗದಕೈ ಇಡ್ಸಿ, ಮಡ್ಲಲ್ಲಿ ಮಲಗಿಸ್ಕಂಡೋಳು ನಾನು ಕಣ.” ಆಮೇಲೆ ನನ್ನ ಕಡೆ ತಿರುಗಿ, “ನೀನಾದ್ರೂ ಏಳವ್ವ,” ಎಂದಿರಿ.

ನನ್ನ ಬಾಯಿ ತೆರೆದಿತ್ತು, ಅತ್ತೆ. ಮಾತು ಬರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ — ಬರುತ್ತಿತ್ತು, ನಾನೇ ನುಂಗಿದೆ. ದಿನವೂ ತಪ್ಪದೆ ದಿನಚರಿ ಬರೆಯುವವಳು ಅಂದು ಬರೆದದ್ದು ಇಷ್ಟೇ: ‘ಜಯತ್ತೆ ಬಂದಿದ್ದರು. ಊಟ ಮಾಡಲಿಲ್ಲ.’

ಮೂರು ವರ್ಷದ ಮೇಲೆ ಅಕ್ಕನಿಗೆ ಬೇರೆ ಕಡೆ ಮದುವೆಯಾಯಿತು. ಆ ಹುಡುಗನಿಗೆ ಅವಳೇ ಎಲ್ಲವನ್ನೂ ಹೇಳಿದಳು, ಅವನು ಒಪ್ಪಿದ. ನಿಮ್ಮನ್ನು ಕರೆಯಲಿಲ್ಲ. ಸೋದರತ್ತೆ ಹಚ್ಚಬೇಕಾದ ಅರಿಶಿನವನ್ನು ಪಕ್ಕದ ಮನೆಯವರು ಹಚ್ಚಿದರು. ಅಕ್ಕ ಹಸೆಮಣೆಯಿಂದ ಬಾಗಿಲ ಕಡೆ ನೋಡುತ್ತಲೇ ಇದ್ದಳು. ನಾನು ಫೋಟೊ ತೆಗೆಯುತ್ತಿದ್ದೆ —

ಅಕ್ಕನಿಗೆ ನಿನ್ನೆ ಹೇಳಿದೆ. ಅವಳು ಫೋನಿಟ್ಟಳು. ಇವತ್ತು ಬೆಳಗ್ಗೆ ಅಪ್ಪನಿಗೆ ಹೇಳಿದೆ. ಬೈಯಲಿಲ್ಲ. ಕಂಪಲಾಪುರಕ್ಕೆ, ನಿಮ್ಮ ಮನೆಗೆ ಹೊರಡುತ್ತೇನೆಂದು ಅಂಗಿ ತೊಟ್ಟವರು ಜಗಲಿಯ ಮೇಲೆ ಕೂತುಬಿಟ್ಟಿದ್ದಾರೆ. ಯಾವ ಮುಖ ಹೊತ್ತು ಹೋಗಲಿ ಎನ್ನುತ್ತಾರೆ.

ಅವರು ಏಳದಿದ್ದರೂ ನಾನು ಬರುತ್ತೇನೆ. ನೀವು ಏನಂದರೂ ನಿಂತು ಕೇಳುತ್ತೇನೆ, ಅತ್ತೆ. ಏನೂ ಅನ್ನದಿದ್ದರೂ.