ನೋಟ್‌ಬುಕ್ಕಿನ ಕೊನೆಯ ಪುಟ

ಒಂಬತ್ತನೇ ತರಗತಿಯ ಮೊದಲ ಬೆಂಚಿನಲ್ಲಿ ಕೂರುವ ಈ ಹುಡುಗಿಗೆ ಕಿವಿ ಕೇಳಿಸದು. ಕಿವಿಯ ಕೆಲಸವನ್ನೂ ಕಣ್ಣೇ ಮಾಡಬೇಕು. ಗಣಿತದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಅವಳ ಪಾಲಿನ ಪಾಠ ಅಲ್ಲಿಗೆ ಮುಗಿಯಿತು. ವಿಜ್ಞಾನದ ಮೇಷ್ಟ್ರ ತುಟಿಯಂತೂ ಪೂರಾ ಮೀಸೆಯೊಳಗೆ. ಅದಕ್ಕೊಂದು ಕತ್ತರಿ ಹಾಕುವವರಿಲ್ಲವೇ ಎಂದು ಇವಳ ಜೀವ ಚಡಪಡಿಸುತ್ತದೆ. ಅವರು ಬಗ್ಗಿ, 'ಅರ್ಥ ಆಯ್ತಾ?' ಎಂದರೆ ಗೋಣಾಡಿಸುತ್ತಾಳೆ, ಇಲ್ಲವೆಂದರೆ ಇಡೀ ತರಗತಿ ಕಾಯಬೇಕಲ್ಲ. ಎಲ್ಲರೂ ನಕ್ಕಾಗ ಒಂದು ಗಳಿಗೆ ತಡವಾಗಿ ತಾನೂ ನಕ್ಕು, ಪಕ್ಕದ ಗೆಳತಿಯನ್ನು ತಿವಿದು, 'ಏನಂತೆ?' ಎನ್ನುತ್ತಾಳೆ. 'ಆಮೇಲೆ ಹೇಳ್ತೀನಿ ಕಣೇ,' ಎನ್ನುತ್ತಾಳೆ ಗೆಳತಿ. ಒಳ್ಳೆಯವಳೇ, ಮರೆತುಬಿಡುತ್ತಾಳೆ ಅಷ್ಟೇ. ಯಾರ ತುಟಿಯ ಮೇಲಾದರೂ ಇವಳು ತಪ್ಪದೆ ಓದಬಲ್ಲ ಮಾತು ಆ 'ಆಮೇಲೆ' ಒಂದೇ. ತಾನಾದರೂ ಮರೆಯಬಾರದೆಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳುತ್ತಾಳೆ: 'ಮಂಗಳವಾರ, ಮೂರನೇ ಪೀರಿಯಡ್, ಎಲ್ಲರೂ ನಕ್ಕಿದ್ದು ಯಾಕೆ?' ಅಂಥ ಪ್ರಶ್ನೆಗಳು ಕೊನೆಯ ಪುಟದಿಂದ ಒಂದೊಂದೇ ಹಾಳೆ ಹಿಂದೆ ಬಂದು, ಈಗ ನಡುವಿನ ಪಾಠವನ್ನೇ ಮುಟ್ಟಿವೆ. ಮೊನ್ನೆ ಗೆಳತಿಯ ಕಣ್ಣಿಗೆ ಬಿತ್ತು. 'ಇಷ್ಟೊಂದು ಏನೇ ಬರ್ದಿದೀಯ?' ಎಂದು ಕೇಳಿದಳು. ಇವಳು ಮೆಲ್ಲಗೆ ಪುಸ್ತಕ ಮುಚ್ಚಿ, 'ಆಮೇಲೆ ಹೇಳ್ತೀನಿ ಕಣೇ,' ಎಂದಳು.