ಮೇಡಂ ಭತ್ತ

ಅವರ ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು. ಭತ್ತದ ಕಾಳನ್ನು ಆ ಮುರಿದ ಹಲ್ಲಿಗೇ ಕೊಟ್ಟು ಕಚ್ಚುತ್ತಿದ್ದರು. ಟಕ್ಕೆಂದು ಸದ್ದಾದರೆ ಒಣಗಿದೆ ಎಂದು ಅರ್ಥ, ಮೆತ್ತಗೆ ಜಜ್ಜಿದರೆ ಇನ್ನೊಂದು ಬಿಸಿಲು ಬೇಕು. ಅದನ್ನು ಅಳೆಯಲು ಸರಕಾರ ಅವರಿಗೆ ಯಂತ್ರ ಕೊಟ್ಟಿತ್ತು. ಯಂತ್ರ ಹೇಳಿದ ಮೇಲೂ ಒಮ್ಮೆ ಕಚ್ಚಿ ನೋಡದೆ ಅವರಿಗೆ ಸಮಾಧಾನವಿರಲಿಲ್ಲ. ಹಲ್ಲು ಸರಿ ಮಾಡಿಸಿಕೊಳ್ಳಬಾರದಾ ಎಂದು ನನ್ನ ಅಮ್ಮ ಕೇಳಿದಾಗ, "ಇದ್ ಹಲ್ಲಲ್ಲ ಅಕ್ಕ, ನನ್ ಹತ್ಯಾರ್" ಎಂದು ನಕ್ಕಿದ್ದರು.

ಬ್ರಹ್ಮಾವರದಿಂದ ಕೋಟದವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಬೀಜದ ಮೇಡಂ ಎಂದೇ. ಭತ್ತದ ಹೊಸ ತಳಿ ಕಂಡುಹಿಡಿಯುವ ಸರಕಾರಿ ವಿಜ್ಞಾನಿ. ಕಚೇರಿ ಇದ್ದದ್ದು ಘಟ್ಟದ ಮೇಲೆ. ಹುಟ್ಟಿದ್ದು ನಮ್ಮ ಸೀಮೆಯ ಶಂಕರನಾರಾಯಣ ಊರಿನ ಕಡೆ ಆದ್ದರಿಂದ ಕರಾವಳಿಯ ಕೆಲಸವನ್ನೆಲ್ಲ ಇವರ ತಲೆಗೇ ಕಟ್ಟಿದ್ದರು. ಮದುವೆಯಾಗಿರಲಿಲ್ಲ. ಮಾತು ಜೋರು, ನಡಿಗೆ ಇನ್ನೂ ಜೋರು, ಸಿಟ್ಟು ಇವೆರಡಕ್ಕಿಂತ ಮುಂದೆ.

ಆ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡಬೇಕು. ಒಮ್ಮೆ ಖಾಸಗಿ ಬಸ್ಸಿನ ಕಂಡಕ್ಟರ್ ಒಬ್ಬ ಅವರ ಸಸಿಯ ಬುಟ್ಟಿಯನ್ನು ಸಾಲಿಗ್ರಾಮದಲ್ಲಿ ಕೆಳಗಿಳಿಸಿ, ಜನ ಹತ್ತಿಸಿಕೊಂಡು ಹೋಗಿಬಿಟ್ಟನಂತೆ. ಅವತ್ತಿನಿಂದ ಆ ಬಸ್ಸು ಬಂದರೆ ಮೇಡಂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಕಂಡಕ್ಟರ್ ಬದಲಾದ, ಮಾಲೀಕ ಬದಲಾದ, ಬಸ್ಸಿನ ಬಣ್ಣವೂ ಬದಲಾಯಿತು. "ಇನ್ನಾದ್ರೂ ಹತ್ತಿ ಮೇಡಂ" ಎಂದರೆ, "ನಂಬ್ರ್ ಅದೇ ಅಲ್ದಾ?" ಎನ್ನುತ್ತಿದ್ದರು. ಇಂಥವರನ್ನು ಎದುರು ಹಾಕಿಕೊಂಡ ಇಬ್ಬರ ಕತೆ ಇದು. ಅವರಿಬ್ಬರ ಮೇಲೆ ನನಗೂ ಸಿಟ್ಟಿದೆ. ಅದು ತಣ್ಣಗಾಗಲಿ ಎಂಬ ಆಸೆ ನನಗಿಲ್ಲ.

ನಮ್ಮ ಹೊಳೆಬದಿಯ ಗದ್ದೆಗೆ ದೊಡ್ಡ ಉಬ್ಬರದಲ್ಲಿ ಉಪ್ಪುನೀರು ನುಗ್ಗುತ್ತಿತ್ತು. ಬಿತ್ತಿದ್ದೆಲ್ಲ ಸುಟ್ಟ ಹಾಗೆ ಕೆಂಪಾಗಿ ಮಲಗುತ್ತಿತ್ತು. ಅಪ್ಪಯ್ಯ ಬೇಸತ್ತು ಅದನ್ನು ಬಿತ್ತದೆ ಹಡಿಲು ಬಿಟ್ಟಿದ್ದರು. ಒಂದು ಮಳೆಗಾಲದ ಮೊದಲು ಮೇಡಂ ಅಂಗಳಕ್ಕೆ ಬಂದು ನಿಂತು, "ಹ್ವಾಯ್, ಆ ಗದ್ದಿ ನಂಗ್ ಕೊಡಿ. ಉಪ್ಪ್ ಕುಡ್ದ್ ಬದ್ಕುವ ಭತ್ತ ಮಾಡ್ತೆ" ಎಂದರು. ಅಪ್ಪಯ್ಯ ನಕ್ಕು, "ಅಡ್ಡಿಲ್ಲ, ಏಡಿಗಾರೂ ಊಟ ಆತ್ತ್" ಎಂದರು.

ಏಡಿಗಳಿಗೆ ಹೊಟ್ಟೆ ತುಂಬ ಊಟವಾಯಿತು. ಒಂದು ವರ್ಷವಲ್ಲ, ವರ್ಷ ವರ್ಷವೂ. ನಾನು ಹೈಸ್ಕೂಲು ಮುಗಿಸಿ ಕಾಲೇಜಿಗೆ ಸೇರುವವರೆಗೂ ಆ ಗದ್ದೆ ಮೇಡಂ ಅವರ ಮರ್ಯಾದೆ ತೆಗೆಯುತ್ತಲೇ ಇತ್ತು. ಪ್ರತಿ ಸಲ ಸೋತಾಗಲೂ ಬದುಕುಳಿದ ನಾಲ್ಕು ಬುಡಗಳನ್ನು ಹುಡುಕಿ, ತೆನೆಗೆ ಕಾಗದದ ಚೀಲ ಕಟ್ಟಿ, ನಮ್ಮ ಜಗಲಿಯಲ್ಲಿ ಗಂಜಿ ಉಂಡು, ಘಟ್ಟ ಹತ್ತುತ್ತಿದ್ದರು. "ಎಷ್ಟ್ ಸಲ ಸೋಲ್ತ್ರಿ ಮೇಡಂ?" ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನೆನಪಿದೆ.

"ಸೋಲುಕೇ ಸರ್ಕಾರ ನಂಗೆ ಸಂಬ್ಳ ಕೊಡುದ್ ಮಾರಾಯ್ತಿ. ಅಂಗ್ಡಿ ಇಟ್ಟವ ಎರಡ್ ಸಲ ಸೋತ್ರೆ ಬಾಗ್ಲ್ ಹಾಕ್ತ. ನಾನ್ ಬಾಗ್ಲ್ ಹಾಕುದ್ ಬೇಡ. ಆದ್ರೆ ಗೆದ್ದ್ ಮೇಲೆ ಅಂಗ್ಡಿಯವ ಬೇಕ್. ಮನೆ ಮನೆಗೆ ಬೀಜ ಹೊತ್ಕ ಹೋಪ್ಕೆ ನನ್ ಕೈಲ್ ಆತ್ತಾ?"

ಅಂದರೆ ಅವರಿಗೆ ಕಂಪನಿಗಳ ಮೇಲೆ ಮೊದಲಿನಿಂದ ದ್ವೇಷವಿತ್ತು ಎಂದು ಯಾರೂ ತಿಳಿಯಬಾರದು. ದ್ವೇಷವನ್ನು ಅವರು ಸಂಪಾದಿಸಿಕೊಂಡದ್ದು ಆಮೇಲೆ.

ಕೊನೆಗೊಂದು ವರ್ಷ ಉಬ್ಬರ ಬಂತು, ಗದ್ದೆ ಮುಳುಗಿತು, ನೀರು ಇಳಿಯಿತು, ಭತ್ತ ಎದ್ದು ನಿಂತಿತು. ಉಳಿದವರ ಗದ್ದೆ ಹಸಿರಿರುವಾಗಲೇ ನಮ್ಮದು ಹಳದಿಯಾಯಿತು. ಕಾಳಿನ ತುದಿಯಲ್ಲಿ ಸಣ್ಣದೊಂದು ನೇರಳೆ ಚುಕ್ಕಿ. ಮೇಡಂ ಕಾಳು ಕಚ್ಚಿದರು, ಟಕ್ಕೆಂದಿತು, ಅವರು ಗದ್ದೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಂದು ಹಿಡಿ ಬೀಜ ನಮಗಿರಲಿ ಎಂದು ಅಪ್ಪಯ್ಯ ಕೇಳಿದರು. ಪರೀಕ್ಷೆಯ ಬೆಳೆ ಹೊರಗೆ ಕೊಡುವ ಹಾಗಿಲ್ಲ, ಮುಂದಿನ ವರ್ಷ ಸರಕಾರವೇ ಎಲ್ಲರಿಗೂ ಕೊಡುತ್ತದೆ ಎಂದು ಅವರು ಕಾಳು ಕಾಳನ್ನೂ ಆರಿಸಿಕೊಂಡು ಹೋದರು. ಸರಕಾರವನ್ನು ಅಷ್ಟು ನಂಬಿದ್ದರು.

ಮುಂದಿನ ವರ್ಷ ಬೀಜ ಬಂತು. ಮಿರಮಿರ ಮಿಂಚುವ ಪೊಟ್ಟಣದಲ್ಲಿ, ಒಂದು ಕಂಪನಿಯ ಹೆಸರಿನಲ್ಲಿ ಬಂತು. ಬಿಡುಗಡೆಯ ಸಮಾರಂಭಕ್ಕೆ ಅಪ್ಪಯ್ಯನ ಜೊತೆ ನಾನೂ ಹೋಗಿದ್ದೆ. ವೇದಿಕೆಯಲ್ಲಿ ಕಂಪನಿಯ ಮ್ಯಾನೇಜರ್, ಪಕ್ಕದಲ್ಲಿ ಮೇಡಂ ಅವರ ದೊಡ್ಡ ಸಾಹೇಬರು, ತಳಿಯನ್ನು ಕಂಪನಿಗೆ ಬಿಟ್ಟುಕೊಟ್ಟವರು. ಮೇಡಂ ನಮ್ಮ ಜೊತೆ ಹಿಂದಿನ ಸಾಲಿನಲ್ಲಿ. ಮ್ಯಾನೇಜರ್ ಮೈಕು ಹಿಡಿದು, "ಸರಕಾರಿ ಕಚೇರಿಯಲ್ಲಿ ಬೆಳೆಯುವುದು ಫೈಲು ಮಾತ್ರ. ಹೊಸತು ಏನೇ ಬಂದರೂ ಅದು ಖಾಸಗಿಯವರಿಂದಲೇ ಬರಬೇಕು" ಎಂದ. ಜನ ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರೂ ತಟ್ಟಿದರು. ಆಮೇಲೆ ಕಂಪನಿಯವರು ಸಾಹೇಬರಿಗೆ ಶಾಲು ಹೊದೆಸಿದರು. ಮೇಡಂ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಮೇಡಂ ಪೊಟ್ಟಣ ಹರಿದು ಒಂದು ಕಾಳು ತೆಗೆದರು. ನೇರಳೆ ಚುಕ್ಕಿ ನೋಡಿದರು. ಕಚ್ಚಿದರು. "ಚಪ್ಪಾಳಿ ಹೊಡ್ದ್ರ್ ಕಾಣಿ" ಎಂದರು ಅಪ್ಪಯ್ಯನಿಗೆ. "ಸಂಬ್ಳ ಸರ್ಕಾರದ್ದ್, ಚಪ್ಪಾಳಿ ಅವ್ನಿಗೆ." ಸಮಾರಂಭದ ಊಟಕ್ಕೆ ನಿಲ್ಲದೆ ನಮ್ಮ ಮನೆಗೆ ಬಂದು, ಅಮ್ಮ ಕೊಟ್ಟ ಗಂಜಿಯನ್ನೂ ಮುಟ್ಟದೆ ಕೂತರು.

ಅನ್ಯಾಯ ಅಲ್ಲಿಗೇ ನಿಲ್ಲಲಿಲ್ಲ. ಇದು ಹೈಬ್ರಿಡ್, ಬೆಳೆದದ್ದನ್ನು ಬೀಜಕ್ಕಿಟ್ಟರೆ ಜಳ್ಳು ಬರುತ್ತದೆ, ಪ್ರತಿ ವರ್ಷ ಹೊಸ ಪೊಟ್ಟಣ ಕೊಳ್ಳಬೇಕು ಎಂದು ಕಂಪನಿಯವರು ಊರೂರಲ್ಲಿ ಹೇಳಿಸಿದರು. ಅದು ಶುದ್ಧ ಸುಳ್ಳು. ಮೇಡಂ ಮಾಡಿದ್ದು ಅಪ್ಪಟ ತಳಿ, ಎಷ್ಟು ವರ್ಷ ಇಟ್ಟು ಬಿತ್ತಿದರೂ ಹಾಗೆಯೇ ಬರುವಂಥದ್ದು. ಅದನ್ನು ಬರೆದು ಮೇಲಕ್ಕೆ ಕಳಿಸಿದ್ದಕ್ಕೆ ದೊಡ್ಡ ಸಾಹೇಬರು ಅವರನ್ನು ಗದ್ದೆಯೇ ಕಾಣದ ಒಂದು ಊರಿನ ಉಗ್ರಾಣಕ್ಕೆ ವರ್ಗ ಮಾಡಿದರು. ಇತ್ತ ಅಪ್ಪಯ್ಯ ತನ್ನದೇ ಗದ್ದೆಯಲ್ಲಿ ಹುಟ್ಟಿದ ಭತ್ತವನ್ನು ಪೊಟ್ಟಣದಲ್ಲಿ ಕೊಳ್ಳಲಾರೆ ಎಂದು ಹಟ ಹಿಡಿದರು. ಹೊಳೆಬದಿ ಮತ್ತೆ ಹಡಿಲು ಬಿತ್ತು. 

ಹೆದ್ದಾರಿಯ ಪಕ್ಕದಲ್ಲೇ ಒಂದು ಗದ್ದೆ ಗೇಣಿಗೆ ಪಡೆದು ಕಂಪನಿ ತನ್ನ ಭತ್ತ ಬೆಳೆಸಿತು. ಎದುರಿಗೆ ತಗಡಿನ ದೊಡ್ಡ ಬೋರ್ಡು: 'ಹೊಸತನ್ನು ತರುವವರು ನಾವೇ'. ನವರಾತ್ರಿ ಮುಗಿದ ಮೇಲೆ ದೊಡ್ಡ ದೊಡ್ಡವರನ್ನು ಕರೆಸಿ ತೂಗುವ ತೆನೆ ತೋರಿಸುವುದೆಂದು ಮ್ಯಾನೇಜರ್ ಲೆಕ್ಕ ಹಾಕಿದ್ದ. ಹೊರಗಿನ ಮನುಷ್ಯ, ಪಾಪ ಎನ್ನುವ ಮನಸ್ಸು ನನಗಿಲ್ಲ. ಅವನಿಗೆ ನಮ್ಮ ಕದಿರು ಕಟ್ಟುವ ಹಬ್ಬ ಗೊತ್ತಿರಲಿಲ್ಲ. ನವರಾತ್ರಿಯೊಳಗೇ ಬರುವ ಆ ಹೊಸ್ತಿನ ದಿನ ಬೆಳಿಗ್ಗೆ ಪ್ರತಿ ಮನೆಗೂ ಹೊಸ ಕದಿರು, ಅಂದರೆ ಮಾಗಿದ ಭತ್ತದ ತೆನೆ, ಬರಬೇಕು. ದೇವರ ಕೋಣೆಗೆ, ಬಾಗಿಲಿಗೆ, ತುಳಸಿಗೆ, ಅಕ್ಕಿ ಡಬ್ಬಕ್ಕೆ, ಈಗ ಸ್ಕೂಟರಿಗೂ ಕಟ್ಟಬೇಕು. ಗದ್ದೆ ಇಲ್ಲದವರು, ಇದ್ದರೂ ಬೆಳೆ ಮಾಗದವರು, ಯಾರ ಗದ್ದೆಯಿಂದಲಾದರೂ ತೆಗೆದುಕೊಳ್ಳಬಹುದು. ಕೇಳಬೇಕಾಗಿಲ್ಲ, ಕೊಡುವುದಿಲ್ಲ ಎನ್ನುವವರೂ ಇಲ್ಲ.

ಆ ವರ್ಷ ಮಳೆ ತಡ. ಊರ ಗದ್ದೆಗಳೆಲ್ಲ ಹಸಿರು. ಮಾಗಿ ನಿಂತದ್ದು ಪಂಪಿನ ನೀರಿಗೆ ಮೊದಲೇ ನೆಟ್ಟಿದ್ದ ಹೆದ್ದಾರಿ ಬದಿಯದ್ದೊಂದೇ. ಹಬ್ಬಕ್ಕೆ ಮುಂಚಿನ ವಾರ ಮೇಡಂ ರಜೆ ಹಾಕಿ ಬಂದರು. ಆ ಗದ್ದೆಯ ಅಂಚಿನಲ್ಲಿ ನಿಂತು ಒಂದು ಕಾಳು ಕಚ್ಚಿ, ನೇರ ನಮ್ಮ ಅಡುಗೆಮನೆಗೆ ಬಂದು ಕೂತರು.

"ಅಕ್ಕ, ಈ ಸಲ ಕದ್ರ್ ಎಲ್ಲಿಂದ ತತ್ರಿ?"

ಅಮ್ಮ ಒಂದು ಗಳಿಗೆ ಅವರ ಮುಖ ನೋಡಿದರು. "ಎಲ್ಲಿ ಹಣ್ಣಾಯ್ತೋ ಅಲ್ಲಿಂದ."

"ಅರ್ಧ ಕಟ್ಟಿ. ಅರ್ಧ ಬೀಜಕ್ಕ್ ಇಡಿ. ನಾನ್ ಎಂತದೂ ಹೇಳ್ಲಿಲ್ಲ, ಆಯ್ತಾ?"

ಅಮ್ಮನಿಗೆ ಅಷ್ಟು ಸಾಕಿತ್ತು. ಸಂಘದ ಸಭೆ, ಹಾಲಿನ ಡೇರಿ, ಬಸ್‌ಸ್ಟ್ಯಾಂಡು, ದೇವಸ್ಥಾನದ ಪಾಗಾರ, ಎಲ್ಲೆಲ್ಲಿ ನಾಲ್ಕು ಹೆಂಗಸರು ಸಿಗುತ್ತಾರೋ ಅಲ್ಲೆಲ್ಲ ಈ ಸಲದ ಕದಿರಿನ ಮಾತು ಎತ್ತಿದರು.

ಹಬ್ಬದ ಬೆಳಿಗ್ಗೆ ನಾವು ಹೋಗುವಾಗ ಹೆದ್ದಾರಿ ಬದಿಯಲ್ಲಿ ಆಗಲೇ ಜನ ಸೇರಿದ್ದರು. ಮಿಂದು, ಮಡಿಬಟ್ಟೆ ಉಟ್ಟು, ಕೈಮುಗಿದು, ಒಬ್ಬೊಬ್ಬರು ಒಂದೊಂದು ಹಿಡಿ. ಯಾರೂ ತುಳಿದು ಹಾಳು ಮಾಡಲಿಲ್ಲ, ಯಾರೂ ಗಲಾಟೆ ಮಾಡಲಿಲ್ಲ. ಕುಂಭಾಶಿಯ ಕಡೆಯಿಂದ ರಿಕ್ಷಾ ಮಾಡಿಕೊಂಡು ಬಂದವರೂ ಇದ್ದರು. ಬಿಸಿಲೇರುವಷ್ಟರಲ್ಲಿ ಗದ್ದೆಯಲ್ಲಿ ಉಳಿದದ್ದು ಬರೀ ಹುಲ್ಲು, ಮತ್ತು ಆ ಬೋರ್ಡು. ಮೇಡಂ ಗದ್ದೆಗೆ ಇಳಿಯಲಿಲ್ಲ. ಎದುರಿನ ಬಸ್‌ಸ್ಟಾಪಿನಲ್ಲಿ ಕೂತು ಎಲ್ಲವನ್ನೂ ಕಣ್ಣು ತುಂಬ ನೋಡಿದರು. ಆ ಹೊತ್ತಿಗೆ ಅವರ ಹಳೆಯ ವೈರಿ ಬಸ್ಸು ಬಂದು ನಿಂತರೂ ಬೆನ್ನು ತಿರುಗಿಸಲು ಮರೆತರು.

ಮ್ಯಾನೇಜರ್ ಕಾರಿನಿಂದ ಇಳಿದವನು ಬಾಯಿ ಬಿಟ್ಟು ನಿಂತ. ಅವನ ಮುಖವನ್ನು ನಾನು ಇವತ್ತಿಗೂ ಬೇಕಾದಾಗ ನೆನಪು ಮಾಡಿಕೊಳ್ಳುತ್ತೇನೆ, ಖುಷಿಯಾಗುತ್ತದೆ. ಪೊಲೀಸರಿಗೆ ಫೋನು ಮಾಡಿದ. ಬೈಕಿನಲ್ಲಿ ಒಬ್ಬರು ಬಂದರು. ಬೈಕಿನ ಹ್ಯಾಂಡಲಿಗೆ ಮಾವಿನೆಲೆಯ ಜೊತೆ ಕದಿರು ಕಟ್ಟಿತ್ತು. ಮ್ಯಾನೇಜರ್ ಅದನ್ನೇ ನೋಡುತ್ತ ನಿಂತ.

"ಸಾರ್, ನಮ್ಮಲ್ಲಿ ಕದ್ರ್ ಕೇಂಡ್ ತಕಂಬು ಕ್ರಮ ಇಲ್ಲ" ಎಂದರು ಅವರು ಸಮಾಧಾನವಾಗಿ. "ದೇವ್ರ ಹೆಸ್ರಲ್ಲಿ ತಕಂಡದ್ದಕ್ಕೆ ಕೇಸ್ ಎಂತ ಹಾಕುದ್?"

ಹಿಡಿ ಕದಿರಿನಲ್ಲಿ ಎಷ್ಟು ಕಾಳು ಬಂದೀತು? ಮೊದಲ ವರ್ಷ ಮನೆಯ ಹಿಂದಿನ ಒಂದು ಮೂಲೆಗಾಯಿತು. ಮರುವರ್ಷ ಒಂದು ಗದ್ದೆಗಾಯಿತು. ಜಳ್ಳಾಗುತ್ತದೆ ಎಂದಿದ್ದ ಭತ್ತ ತುದಿಯಲ್ಲಿ ಅದೇ ನೇರಳೆ ಚುಕ್ಕಿ ಇಟ್ಟುಕೊಂಡು ಬೈಂದೂರಿನ ಹೊಳೆಬದಿಯವರೆಗೂ ಹೋಯಿತು. ಮಗಳ ಮನೆಗೆ ಹೋಗುವವರು, ಬಾಣಂತಿ ನೋಡಲು ಹೋಗುವವರು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಅಂಗಡಿಗಳಲ್ಲಿ ಪೊಟ್ಟಣಗಳು ಧೂಳು ತಿಂದವು. ಕಂಪನಿ ಗಂಟುಮೂಟೆ ಕಟ್ಟಿತು. ಬಿಟ್ಟುಹೋದ ಬೋರ್ಡನ್ನು ಅಪ್ಪಯ್ಯ ಹೊತ್ತು ತಂದು ದನದ ಹಟ್ಟಿಯ ಗೊಬ್ಬರಗುಂಡಿಗೆ ಮುಚ್ಚಳ ಮಾಡಿದರು. 'ಹೊಸತನ್ನು ತರುವವರು ನಾವೇ' ಎಂಬ ಅಕ್ಷರಗಳು ಸಗಣಿಯ ಕಡೆಗೆ ಮುಖ ಮಾಡಿ ಈಗಲೂ ಇವೆ. ಪೊಟ್ಟಣದ ಮೇಲಿದ್ದ ಹೆಸರು ಯಾರಿಗೂ ನೆನಪಿಲ್ಲ. ನಮ್ಮಲ್ಲಿ ಅದು ಮೇಡಂ ಭತ್ತ.

ಹೋದ ವರ್ಷ ಮೇಡಂ ತೀರಿಕೊಂಡರು. ಬೊಜ್ಜ, ಅಂದರೆ ಉತ್ತರಕ್ರಿಯೆಯ ಊಟ, ಅವರ ತಮ್ಮನ ಮನೆಯಲ್ಲಿ. ಇಂಥ ಊಟಕ್ಕೆ ಬಿಳಿಯ ಬೆಳ್ತಿಗೆ ಅನ್ನ ಬಡಿಸುವುದು ರೂಢಿ. ತಮ್ಮ ಮಾತ್ರ ಮೇಡಂ ಭತ್ತವನ್ನೇ ಕುದಿಸಿ ಮಾಡಿದ ಕುಚ್ಚಿಗೆ ಅನ್ನವೇ ಆಗಬೇಕೆಂದರು. ಅಕ್ಕಿ ಹೋದದ್ದು ನಮ್ಮ ಹೊಳೆಬದಿಯಿಂದ. ಬಡಿಸಲು ನಾನೂ ಸೆರಗು ಸಿಕ್ಕಿಸಿದೆ. ಮೂರನೇ ಎಲೆಗೆ ಬರುವಾಗ ಕೂತವರ ಗುರುತು ಸಿಕ್ಕಿತು. ಕೂದಲು ಬೆಳ್ಳಗಾಗಿತ್ತು, ನಿವೃತ್ತಿಯೂ ಆಗಿತ್ತು. ದೊಡ್ಡ ಸಾಹೇಬರು.

ನಾಲ್ಕು ತುತ್ತು ಉಂಡು ಅವರೇ ಕೇಳಿದರು, "ಅನ್ನ ತುಂಬ ರುಚಿಯಾಗಿದೆಯಲ್ಲ, ಯಾವ ಅಕ್ಕಿ ಇದು?"

"ಗೊತ್ತಾಯ್ಲಿಲ್ಯಾ ಸಾರ್? ನೀವ್ ಒಂದ್ ಶಾಲ್ ಹೊದ್ಕಂಡ್ ಕೊಟ್ಟದ್ದಲ್ದಾ?"

 ಅವರು ಸಾಕು ಎಂದು ಅಡ್ಡ ಹಿಡಿದ ಎಡಗೈಯನ್ನು ದಾಟಿಸಿ ನಾನು ಇನ್ನೊಂದು ಸಟ್ಟುಗ ಅನ್ನ ಹಾಕಿದೆ.

"ಎಲೆಲಿ ಬಿಡ್ಬೇಡಿ ಸಾರ್. ಬಿಟ್ರೆ ಮೇಡಮ್ಮಿಗೆ ಸಿಟ್ಟ್ ಬತ್ತ್."

ಸತ್ತವರ ಮನೆಯಲ್ಲಿ ಹಾಗೆ ಮಾಡಬಾರದಿತ್ತು ಎಂದು ಅಮ್ಮ ಬಸ್ಸಿನಲ್ಲಿ ಬೈದರು. ನನಗೆ ಹಾಗನಿಸಿಲ್ಲ. ಅವರು ತಲೆ ತಗ್ಗಿಸಿ ಒಂದೊಂದೇ ತುತ್ತು ನುಂಗುತ್ತಿದ್ದರು. ಎಲೆ ಪೂರ್ತಿ ಖಾಲಿಯಾಗುವವರೆಗೆ ನಾನು ಅನ್ನದ ಪಾತ್ರೆ ಹಿಡಿದುಕೊಂಡು ಅವರ ಎದುರೇ ನಿಂತಿದ್ದೆ.